ರೇಖೆಯ ಹಿಂದಿನ ಸಲಕರಣೆಗಳು: ಶ್ರೀರಂಗಪಟ್ಟಣದಿಂದ ಮೈಸೂರಿಗೆ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಅದರ ಚಿನ್ನದ ಕೆಲಸವನ್ನೇ ಹೊಗಳುತ್ತವೆ. ಆದರೆ ಈ ಶೈಲಿಯ ಜೀವಾಳ ಅದರ ತೆಳುವಾದ ರೇಖೆ. ಆ ರೇಖೆಗೆ ಆಧಾರವಾದದ್ದು ಚಿತ್ರಕಾರರು ಮರ, ಹುಲ್ಲು, ಕಲ್ಲು, ಕೂದಲುಗಳಿಂದ ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದ ಸಲಕರಣೆಗಳು. 1565ರಲ್ಲಿ ವಿಜಯನಗರವು ಸೋತ ಬಳಿಕ ಚದುರಿದ ಚಿತ್ರಕಾರರ ಮನೆತನಗಳಲ್ಲಿ ಕೆಲವು, 1610ರಲ್ಲಿ ರಾಜ ಒಡೆಯರ ವಶಕ್ಕೆ ಬಂದ ಶ್ರೀರಂಗಪಟ್ಟಣದಲ್ಲಿ ಆಶ್ರಯ ಪಡೆದವೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಮಂಡ್ಯದಿಂದ ಮೈಸೂರಿನತ್ತ ಸಾಗುವ ಹಾದಿಯಲ್ಲಿ ಸಿಗುವ ಈ ಕಾವೇರಿ ದ್ವೀಪವು ಹೀಗೆ ಮಂಡ್ಯ ಸೀಮೆಯನ್ನು ಮೈಸೂರು ಚಿತ್ರಕಲೆಯ ತೊಟ್ಟಿಲಾಗಿಸಿತು.

ಅಲ್ಲಿ ಉಳಿದಿರುವ ದೊಡ್ಡ ಸಾಕ್ಷ್ಯವೆಂದರೆ 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ದರಿಯಾ ದೌಲತ್ ಅರಮನೆ. ಅದರ ಪಶ್ಚಿಮದ ಗೋಡೆಯ ಮೇಲೆ, ಟಿಪ್ಪು ಮತ್ತು ಅವನ ತಂದೆ ಹೈದರ್ ಅಲಿಯ ಸೇನೆ 1780ರಲ್ಲಿ ಬ್ರಿಟಿಷ್ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದ ಪೊಲ್ಲಿಲೂರು ಕದನದ ಚಿತ್ರವಿದ್ದು, ಸಾಲುಗಟ್ಟಿದ ಕುದುರೆಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಎಲ್ಲವೂ ಬಾಹ್ಯರೇಖೆಯ ಬಲದಿಂದಲೇ ಒಂದರಿಂದೊಂದು ಬೇರ್ಪಟ್ಟು ಕಾಣುತ್ತವೆ. ಈ ಗೋಡೆಯನ್ನು, 1799ರಲ್ಲಿ ಟಿಪ್ಪು ಮಡಿದ ನಂತರ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯೂ, ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯೂ ಮತ್ತೆ ಬರೆಯಿಸಿದ್ದರಿಂದ, ಇಂದು ಕಾಣುವ ಪ್ರತಿಯೊಂದು ಗೆರೆಯನ್ನೂ ಟಿಪ್ಪುವಿನ ಕಾಲದ್ದೆಂದು ಭಾವಿಸುವುದು ಸರಿಯಲ್ಲ. ಕೈಗಳು ಬದಲಾದರೂ ಕೈಚಳಕದ ಪರಂಪರೆ ಮುಂದುವರಿಯಿತೆಂಬುದಕ್ಕೆ ಮಾತ್ರ ಅದನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

ಚಿತ್ರಕಾರನ ಮೊದಲ ಸಲಕರಣೆ ಇದ್ದಿಲು. ಹುಣಸೆಯ ಎಳೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಬೆಂಕಿಗಿಟ್ಟರೆ, ಗಾಳಿ ಸಾಲದ ಕಾರಣ ಅವು ಬೂದಿಯಾಗದೆ ಗಟ್ಟಿ ಕರಿಯಾಗುತ್ತಿದ್ದವು. ಅದರಿಂದ ಎಳೆದ ಗೆರೆ ತಪ್ಪಿದರೆ ಬಟ್ಟೆಯಿಂದ ಕೊಡವಿ ತಿದ್ದಬಹುದಿತ್ತು. ಕರಡು ಮುಗಿದ ಮೇಲೆ ಮೊದಲು ಆಕಾಶ, ಬೆಟ್ಟ, ನದಿಗಳಿಗೂ ಅನಂತರ ಪ್ರಾಣಿ ಮತ್ತು ಮನುಷ್ಯ ರೂಪಗಳಿಗೂ ಬಣ್ಣ ಹಚ್ಚಿ, ಮುಖ, ಕೈ, ಒಡವೆಗಳ ಕೆಲಸವನ್ನು ಕೊನೆಗೆ ಎತ್ತಿಕೊಳ್ಳುವುದು ವಾಡಿಕೆ. ನವಿರಾದ ಕೆಲಸಕ್ಕೆ ಅಳಿಲಿನ ಕೂದಲಿನ ಕುಂಚವನ್ನೂ, ಅದಕ್ಕಿಂತ ಸೂಕ್ಷ್ಮವಾದ ಗೆರೆಗೆ ಚೂಪು ತುದಿಯ ಒಂದು ಜಾತಿಯ ಹುಲ್ಲಿನ ಎಸಳುಗಳಿಂದ ಕಟ್ಟಿದ ಕುಂಚವನ್ನೂ ಬಳಸುತ್ತಿದ್ದರು. ಬಣ್ಣಗಳು ಎಲೆ, ಹೂವು, ಕಲ್ಲು, ಮಣ್ಣುಗಳಿಂದ ಬರುತ್ತಿದ್ದವು.

ಚಿನ್ನದ ಕೆಲಸವೂ ವಾಸ್ತವವಾಗಿ ರೇಖೆಯ ಕೆಲಸವೇ ಆಗಿತ್ತು. ಸೀಸದಿಂದ ಮಾಡಿದ ಬಿಳಿ ಪುಡಿಯನ್ನು, ಅಂದರೆ ಸಫೇದಾವನ್ನು, ‘ಮಕ್ಕಿ’ ಎಂಬ ಹಳದಿ ಬಣ್ಣದ ಮರದಂಟಿನೊಂದಿಗೆ ಅರೆದು ಮಾಡಿದ ಸರಿಗೆ ‘ಮಕ್ಕಿ ಸಫೇದಾ’ ಎಂದು ಹೆಸರು. ಇದನ್ನು ಕುಂಚದಿಂದ ಒಡವೆ, ಸೆರಗು, ಕಮಾನುಗಳ ಗೆರೆಗಳ ಮೇಲೆ ತೆಳುವಾಗಿ ಏರಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಒಣಗಿದ ಮೇಲೆ ತೆಳುಕಾಗದ ಹೊದಿಸಿ ನುಣುಪುಕಲ್ಲಿನಿಂದ ಉಜ್ಜಿದಾಗ ಹೊಳಪು ಬರುತ್ತಿತ್ತು. ತಂಜಾವೂರಿನ ಚಿತ್ರಗಳಲ್ಲಿ ಸುಣ್ಣದ ಪುಡಿಯ ದಪ್ಪ ಉಬ್ಬು, ಬಣ್ಣದ ಗಾಜಿನ ಹರಳುಗಳು ಎದ್ದು ಕಾಣುವುದಕ್ಕೂ, ಮೈಸೂರಿನಲ್ಲಿ ಚಿನ್ನವು ಬಣ್ಣದೊಂದಿಗೆ ಬೆರೆತು ತಗ್ಗಿ ನಿಲ್ಲುವುದಕ್ಕೂ ರುಚಿಯ ಭೇದದಷ್ಟೇ ಈ ಸಾಮಗ್ರಿಯ ಭೇದವೂ ಕಾರಣ.

1799ರಲ್ಲಿ ಪಟ್ಟಕ್ಕೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜಧಾನಿಯೊಂದಿಗೆ ಚಿತ್ರಕಾರರೂ ಶ್ರೀರಂಗಪಟ್ಟಣದಿಂದ ಮೈಸೂರಿಗೆ ನೆಲೆ ಬದಲಿಸಿದರು. ಆಡಳಿತವು 1831ರಲ್ಲಿ ಬ್ರಿಟಿಷರ ಕೈಸೇರಿದರೂ ದೊರೆಯ ಕಲಾಪೋಷಣೆ ಕುಂದಲಿಲ್ಲ. ಚಿತ್ರಕಾರರಿಗೆ ರೂಪಗಳ ಆಕರವಾಗಿ ಆ ದೊರೆ ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ಯು ಒಂಬತ್ತು ನಿಧಿಗಳಾಗಿ ವಿಭಾಗಗೊಂಡ ಸಚಿತ್ರ ಗ್ರಂಥ; ಪ್ರತಿ ದೇವತೆಯ ಬಣ್ಣ, ಕೈಗಳ ಸಂಖ್ಯೆ, ಆಯುಧ, ವಾಹನಗಳನ್ನು ತಿಳಿಸುವ ಧ್ಯಾನಶ್ಲೋಕಗಳೂ ಅವುಗಳಿಗೆ ತಕ್ಕ ಚಿತ್ರಗಳೂ ಅದರಲ್ಲಿವೆ. ಕೊನೆಯ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿದ್ದು, ಮೈಯ ಬಾಗುಬಳುಕನ್ನು ಕೆಲವೇ ಗೆರೆಗಳಲ್ಲಿ ಹಿಡಿದಿರುವ ಆ ಪುಟಗಳು ರೇಖಾಭ್ಯಾಸಕ್ಕೆ ಇಂದಿಗೂ ಒಳ್ಳೆಯ ಪಾಠ. ಗಂಜೀಫ ಎಂಬ, ಕೈಯಿಂದ ಚಿತ್ರ ಬರೆದ ಎಲೆಗಳ ಆಟಕ್ಕೂ ಅಲ್ಲೇ ವಿವರಣೆಯಿದೆ; ಅಂಗೈಯೊಳಗೆ ಅಡಗುವ ಎಲೆಯ ಮೇಲೆ ದೇವರನ್ನೂ ಪರಿವಾರವನ್ನೂ ಬರೆಯುವುದು ಕುಂಚದ ತುದಿಗೆ ದೊಡ್ಡ ಪರೀಕ್ಷೆಯೇ ಆಗಿತ್ತು.

1868ರಲ್ಲಿ ಆ ದೊರೆ ತೀರಿಕೊಂಡ ಮೇಲೆ ರವಿವರ್ಮನ ತೈಲಚಿತ್ರಗಳೂ ಛಾಯಾಚಿತ್ರಗಳೂ ಆಸ್ಥಾನದ ಅಭಿರುಚಿಯನ್ನು ಬದಲಿಸಿದವು. ಮೈಸೂರು ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಜಲವರ್ಣದತ್ತ ತಿರುಗಿದರು. ಮನೆತನದ ವಿದ್ಯೆಯ ನಯವು ಅವರ ಊಟಿಯ ದೃಶ್ಯಗಳಲ್ಲಿ ಬೇರೆ ವೇಷದಲ್ಲಿ ಮುಂದುವರಿದಿದೆ ಎನ್ನಬಹುದು.

2005ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಶೈಲಿಯಲ್ಲಿ ಇಂದು ಪೋಸ್ಟರ್ ಬಣ್ಣ, ಪ್ಲೈವುಡ್ ಹಲಗೆ, ಅಂಗಡಿಯ ಕುಂಚಗಳು ಸಾಮಾನ್ಯವಾಗಿವೆ. ಸೀಸವು ವಿಷವಾದ್ದರಿಂದ ಅದರ ಬದಲು ಸತುವಿನ ಬಿಳಿ ಪುಡಿಯನ್ನು ಬಳಸುವುದು ಯೋಗ್ಯವೇ. ಆದರೂ ಹಳೆಯ ಪಾಕಗಳನ್ನು ದಾಖಲಿಸಿ ಕಲಿಸುವ ಅಗತ್ಯ ತುರ್ತಿನದು. ಏಕೆಂದರೆ ಸೀಸದ ಬಿಳಿಯು ಗಂಧಕ ಬೆರೆತ ಗಾಳಿಗೆ ಕಪ್ಪಾಗಬಲ್ಲದಾದ್ದರಿಂದ, 1861ರಲ್ಲಿ ಕಟ್ಟಿದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವಂಥ ಹಳೆಯ ಚಿತ್ರಗಳನ್ನು ಸಂರಕ್ಷಿಸುವವರು ಚಿನ್ನದ ರೇಕಿನ ಅಡಿಯಲ್ಲಿರುವುದು ಯಾವ ಸರಿ ಎಂದು ತಿಳಿಯದೆ ಮುಂದುವರಿದರೆ, ಉಳಿಸಬೇಕಾದ ರೇಖೆಯೇ ಅವರ ಕೈಯಲ್ಲಿ ಕೆಡಬಹುದು.