ಶಿಶುವೈದ್ಯ ಎಂ.ಡಿ. ವ್ಯಾಸಂಗ: ಯಾವ ಪುಸ್ತಕ, ಯಾವ ಹೊತ್ತಿಗೆ?

ಮೈಸೂರಿನ ವಿದ್ಯಾರಣ್ಯಪುರಂ, ಅಗ್ರಹಾರದ ಸುತ್ತಮುತ್ತ ರಾತ್ರಿ ಹೊತ್ತು ಮಗುವಿಗೆ ಜ್ವರ ಏರಿದರೆ ಹೆತ್ತವರಿಗೆ ಮೊದಲು ನೆನಪಾಗುವ ದೊಡ್ಡ ಆಸ್ಪತ್ರೆಗಳು ಎರಡು. ಒಂದು, ಮಹಾತ್ಮ ಗಾಂಧಿ ರಸ್ತೆಯ ಜೆಎಸ್‌ಎಸ್ ಆಸ್ಪತ್ರೆ. ಇನ್ನೊಂದು, 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ. ಎರಡೂ ಬೋಧನಾ ಆಸ್ಪತ್ರೆಗಳು. ಆ ವೇಳೆಯಲ್ಲಿ ಮಗುವನ್ನು ಮೊದಲು ಪರೀಕ್ಷಿಸುವವರು ಬಹುಮಟ್ಟಿಗೆ ಶಿಶುವೈದ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳೇ ಆಗಿರುತ್ತಾರೆ. ಅವರ ಕೋಟಿನ ಜೇಬಿನಲ್ಲಿರುವ ಪುಸ್ತಕ ಯಾವುದು, ಅದು ಯಾವ ವರ್ಷದ ಆವೃತ್ತಿ ಎಂಬ ಪ್ರಶ್ನೆ ಆದ್ದರಿಂದ ಕೇವಲ ವಿದ್ಯಾರ್ಥಿಯ ಖಾಸಗಿ ವಿಚಾರವಲ್ಲ.

ಮೂರು ವರ್ಷಗಳ ಎಂ.ಡಿ. ವ್ಯಾಸಂಗಕ್ಕೆ ಸೇರಿದವರಿಗೆ ಹಿರಿಯರು ಮೊದಲು ಹೇಳುವ ಹೆಸರು ‘ನೆಲ್ಸನ್’. ಅಮೆರಿಕದ ಈ ಆಕರ ಗ್ರಂಥದ 22ನೇ ಆವೃತ್ತಿ 2024ರಲ್ಲಿ ಹೊರಬಂದಿತು. ಎರಡು ಸಂಪುಟ, ಸಾವಿರಾರು ಪುಟ. ಸೇರಿದ ವಾರವೇ ಇದನ್ನು ಕೊಂಡು, ಮೊದಲ ಪುಟದಿಂದ ಓದತೊಡಗಿ, ಬೆಳವಣಿಗೆಯ ಅಧ್ಯಾಯಗಳಲ್ಲೇ ನಿಂತುಹೋಗುವವರು ಬಹಳ. ಅದು ಆದಿಯಿಂದ ಅಂತ್ಯದವರೆಗೆ ಓದುವ ಪುಸ್ತಕವಲ್ಲ. ಬೆಳಿಗ್ಗೆ ವಾರ್ಡಿನಲ್ಲಿ ಕಂಡ ನೆಫ್ರೋಟಿಕ್ ಸಿಂಡ್ರೋಮ್ ಮಗುವಿನ ಕುರಿತು ಅದೇ ಸಂಜೆ ಆ ಒಂದು ಅಧ್ಯಾಯವನ್ನು ತೆರೆದು ಓದಿದರೆ ಮಾತ್ರ ಅದು ಫಲ ಕೊಡುತ್ತದೆ. ಗ್ರಂಥಾಲಯದಲ್ಲಿ ಪ್ರತಿ ಸಿಗುವುದಾದರೆ ಮೊದಲ ವರ್ಷ ಸ್ವಂತಕ್ಕೆ ಕೊಳ್ಳಬೇಕಾದ ತುರ್ತೂ ಇಲ್ಲ.

ಆರಂಭದ ಆರು ತಿಂಗಳಿಗೆ ಘಾಯ್ ಅವರ ‘ಎಸೆನ್ಷಿಯಲ್ ಪೀಡಿಯಾಟ್ರಿಕ್ಸ್’ ಸಾಕು. ದೆಹಲಿಯ ಏಮ್ಸ್‌ನ ಓ.ಪಿ. ಘಾಯ್ ರೂಪಿಸಿ, ಅನಂತರ ವಿನೋದ್ ಪಾಲ್ ಹಾಗೂ ಅರವಿಂದ್ ಬಗ್ಗಾ ಮುಂದುವರಿಸಿದ ಈ ಪುಸ್ತಕ ಎಂಬಿಬಿಎಸ್ ಮಟ್ಟದ್ದೆಂದು ಮೂಗು ಮುರಿಯುವವರುಂಟು. ಆದರೆ ಅಪೌಷ್ಟಿಕತೆ, ಕ್ಷಯ, ಭೇದಿ, ಲಸಿಕೆ ಕುರಿತು ನಮ್ಮ ನೆಲದ ಮಾತನ್ನು ಇದು ಆಡುತ್ತದೆ. ನೆಲ್ಸನ್ ಮುಂದಿಡುವ ಲಸಿಕಾ ಪಟ್ಟಿ ಅಮೆರಿಕದ್ದು. ನಮ್ಮಲ್ಲಿ ಹುಟ್ಟಿದ ಕೂಡಲೇ ಕೊಡುವ ಬಿಸಿಜಿ ಅಲ್ಲಿನ ಮಕ್ಕಳ ವಾಡಿಕೆಯ ಪಟ್ಟಿಯಲ್ಲಿಲ್ಲ. ರೋಗಿಯನ್ನು ಪರೀಕ್ಷಿಸುವ ಕ್ರಮಕ್ಕೆ ಮೆಹರ್‌ಬಾನ್ ಸಿಂಗ್ ಅವರ ‘ಪೀಡಿಯಾಟ್ರಿಕ್ ಕ್ಲಿನಿಕಲ್ ಮೆಥಡ್ಸ್’, ನವಜಾತ ಶಿಶು ಘಟಕಕ್ಕೆ ಕ್ಲೋಹರ್ಟಿ ಕೈಪಿಡಿ ಅಥವಾ ಏಮ್ಸ್ ಪ್ರೋಟೊಕಾಲ್ ಇದ್ದರೆ ಒಳಿತು. ಹೃದ್ರೋಗಕ್ಕೆ ಪಾರ್ಕ್, ನರರೋಗಕ್ಕೆ ಫೆನಿಕೆಲ್ ಮುಂತಾದವು ಆಯಾ ಸರದಿ ಬಂದಾಗ ಎರವಲು ತಂದರೆ ಸಾಕಾಗುತ್ತದೆ.

ಜೇಬಿನ ಪುಸ್ತಕವೂ ಮಿಲಿಲೀಟರ್ ಲೆಕ್ಕವೂ

ರಾತ್ರಿ ಪಾಳಿಯ ಒಡನಾಡಿ ‘ಹ್ಯಾರಿಯೆಟ್ ಲೇನ್’ ಕೈಪಿಡಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರೆಸಿಡೆಂಟ್ ವೈದ್ಯರೇ ಇದನ್ನು ಸಿದ್ಧಪಡಿಸುತ್ತಾರೆ. (ಹ್ಯಾರಿಯೆಟ್ ಲೇನ್ ವೈದ್ಯೆಯಲ್ಲ, ಅಮೆರಿಕದ ಅಧ್ಯಕ್ಷ ಜೇಮ್ಸ್ ಬುಕಾನನ್ ಅವರ ಸಂಬಂಧಿ. ಅವರು ಬಿಟ್ಟುಹೋದ ಹಣದಿಂದ ಸ್ಥಾಪಿತವಾದ ಮಕ್ಕಳ ಆಸ್ಪತ್ರೆಯ ಹೆಸರು ಪುಸ್ತಕಕ್ಕೂ ಬಂದಿದೆ.) ಔಷಧಗಳ ಪಟ್ಟಿಯೇ ಇದರ ಪ್ರಾಣ. ಎಚ್ಚರ ವಹಿಸಬೇಕಾದದ್ದೂ ಅಲ್ಲಿಯೇ.

ಮಕ್ಕಳಿಗೆ ಔಷಧವನ್ನು ತೂಕಕ್ಕನುಗುಣವಾಗಿ ಮಿಲಿಗ್ರಾಂನಲ್ಲಿ ಲೆಕ್ಕ ಹಾಕಿ, ಮಿಲಿಲೀಟರ್‌ನಲ್ಲಿ ಕುಡಿಸಲಾಗುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಸಿಟಮಾಲ್ 150 ಮಿಲಿಗ್ರಾಂ ಬೇಕೆನ್ನೋಣ. ಅಮೆರಿಕದಲ್ಲಿ ಮಕ್ಕಳಿಗಾಗಿ ರೂಢಿಯಲ್ಲಿರುವ ದ್ರಾವಣದಲ್ಲಿ 5 ಮಿಲಿಲೀಟರ್‌ಗೆ 160 ಮಿಲಿಗ್ರಾಂ ಇರುವುದರಿಂದ ಅಲ್ಲಿನ ಲೆಕ್ಕ ಸುಮಾರು 4.7 ಮಿಲಿಲೀಟರ್. ನಮ್ಮ ಔಷಧ ಅಂಗಡಿಗಳಲ್ಲಿ 5 ಮಿಲಿಲೀಟರ್‌ಗೆ 125 ಮತ್ತು 250 ಮಿಲಿಗ್ರಾಂ ಸಿರಪ್‌ಗಳಿವೆ; ಹನಿ ಔಷಧದಲ್ಲಿ ಒಂದೇ ಮಿಲಿಲೀಟರ್‌ಗೆ 100 ಮಿಲಿಗ್ರಾಂ. ಅಮೆರಿಕದ ಲೆಕ್ಕವನ್ನು ನಂಬಿ 4.7 ಮಿಲಿಲೀಟರ್ ಹನಿ ಔಷಧ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 470 ಮಿಲಿಗ್ರಾಂ, ಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚು. ಆದ್ದರಿಂದ ವಿದೇಶಿ ಕೈಪಿಡಿಯಿಂದ ಮಿಲಿಗ್ರಾಂ ಪ್ರಮಾಣವನ್ನಷ್ಟೇ ತೆಗೆದುಕೊಂಡು, ಮಿಲಿಲೀಟರ್ ಲೆಕ್ಕವನ್ನು ಎದುರಿಗಿರುವ ಬಾಟಲಿಯ ಮೇಲಿನ ಚೀಟಿ ಓದಿಯೇ ಮಾಡತಕ್ಕದ್ದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ, ಅಂದರೆ ಐಎಪಿ, ಪ್ರಕಟಿಸುವ ಔಷಧ ಕೋಶವನ್ನು ಜತೆಗಿಟ್ಟುಕೊಳ್ಳುವುದು ಲೇಸು. ಬ್ರಿಟಿಷ್ ಪುಸ್ತಕಗಳದ್ದು ಮತ್ತೊಂದು ತೊಡಕು. ಅಲ್ಲಿ ರಕ್ತದ ಸಕ್ಕರೆ ಮಿಲಿಮೋಲ್‌ನಲ್ಲಿರುತ್ತದೆ. ನಮ್ಮ ಪ್ರಯೋಗಾಲಯದ ಮಿಲಿಗ್ರಾಂ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕು.

ಹಳೆಯ ಆವೃತ್ತಿಯ ಅಪಾಯ

ವ್ಯಾಸಂಗ ಮುಗಿಸಿ ಹೊರಡುವ ಹಿರಿಯರಿಂದ ಅರ್ಧ ಬೆಲೆಗೆ ಪುಸ್ತಕ ಕೊಳ್ಳುವುದು ಹಳೆಯ ಪದ್ಧತಿ, ತಪ್ಪೇನಿಲ್ಲ. ಪರೀಕ್ಷಾ ಕ್ರಮ, ರೋಗಲಕ್ಷಣಗಳ ವಿವರಣೆ ಬೇಗ ಹಳತಾಗುವುದಿಲ್ಲ. ಚಿಕಿತ್ಸೆ ಹಳತಾಗುತ್ತದೆ. ನವಜಾತ ಶಿಶುವಿನ ಕಾಮಾಲೆಗೆ ಬೆಳಕಿನ ಚಿಕಿತ್ಸೆ ಯಾವ ಹಂತದಲ್ಲಿ ಆರಂಭಿಸಬೇಕೆಂಬ ಅಮೆರಿಕನ್ ಅಕಾಡೆಮಿಯ 2004ರ ಮಾರ್ಗಸೂಚಿ 2022ರಲ್ಲಿ ಬದಲಾಯಿತು, ಮಿತಿಗಳು ಮೇಲೇರಿದವು. 2022ಕ್ಕೂ ಹಿಂದಿನ ಪುಸ್ತಕದ ನಕ್ಷೆ ನೋಡಿದವರು ಅಗತ್ಯವಿಲ್ಲದ ಕೂಸನ್ನೂ ತಾಯಿಯಿಂದ ಬೇರ್ಪಡಿಸಿ ದೀಪದಡಿ ಮಲಗಿಸಬಹುದು. ಕೊಳ್ಳುವ ಮುನ್ನ ಈ ಒಂದು ಅಧ್ಯಾಯ ತೆರೆದು ನೋಡಿದರೆ ಪುಸ್ತಕದ ವಯಸ್ಸು ತಿಳಿದುಹೋಗುತ್ತದೆ.

ಮುದ್ರಿತ ಪುಸ್ತಕ ಎಷ್ಟೇ ಹೊಸದಿದ್ದರೂ ರಾಷ್ಟ್ರೀಯ ಕಾರ್ಯಕ್ರಮಗಳ ವೇಗಕ್ಕೆ ಹೊಂದಿಕೊಳ್ಳಲಾರದು. ಮಕ್ಕಳ ಕ್ಷಯಕ್ಕೆ ತೂಕದ ಗುಂಪಿನಂತೆ ಮಾತ್ರೆ ಕೊಡುವ ಕ್ರಮ, ಲಸಿಕಾ ಪಟ್ಟಿ ಮುಂತಾದವನ್ನು ಸರ್ಕಾರದ ಪ್ರಕಟಣೆಗಳಲ್ಲೇ ನೋಡಬೇಕು. ಇವು ಉಚಿತ. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಆಸ್ಪತ್ರೆ ಆರೈಕೆಯ ಪುಟ್ಟ ಕೈಪಿಡಿ (ಎರಡನೇ ಆವೃತ್ತಿ, 2013), ಐಎಪಿ 2022ರಲ್ಲಿ ಹೊರತಂದ ಚಿಕಿತ್ಸಾ ಮಾರ್ಗಸೂಚಿಗಳು, 1964ರಿಂದ ಬರುತ್ತಿರುವ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಮಾಸಿಕದ ಲೇಖನಗಳು ಅಂತರಜಾಲದಲ್ಲಿ ಹಣ ತೆರದೆ ಸಿಗುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಿಗೆ 2003ರಿಂದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯವಿದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದಿದೆ. ಪ್ರಬಂಧ ಬರೆಯುವವರು ಪ್ರವೇಶ ಸಂಕೇತವನ್ನು ಮೊದಲ ತಿಂಗಳಲ್ಲೇ ಗ್ರಂಥಪಾಲಕರಿಂದ ಪಡೆಯಲಿ. ಖಾಸಗಿ ಚಂದಾಕ್ಕೆ ಹಣ ಸುರಿಯುವ ಮುನ್ನ ಇದನ್ನು ವಿಚಾರಿಸಿಕೊಳ್ಳದವರೇ ಹೆಚ್ಚು.

ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಕಡ್ಡಾಯ ಸೇವೆ ಬಂದಾಗ ಈ ಸಂಗ್ರಹದ ಬೆಲೆ ತಿಳಿಯುತ್ತದೆ. ಚಾಮರಾಜನಗರದ ಕಾಡಂಚಿನಿಂದ ಬರುವ ಸೋಲಿಗರ ಮಗುವಿನಲ್ಲಿ ಸಿಕಲ್ ಸೆಲ್ ರಕ್ತಹೀನತೆ, ಹೊಲದಲ್ಲಿ ಹಾವು ಕಚ್ಚಿದ ಹುಡುಗ, ಮಲೆನಾಡಿನಲ್ಲಾದರೆ 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ: ಇವಕ್ಕೆಲ್ಲ ನೆಲ್ಸನ್ ಕೊಡುವ ಜಾಗ ಅಲ್ಪ.

ಕೊನೆಯದಾಗಿ ಭಾಷೆ. ಅಖಿಲ ಭಾರತ ಕೋಟಾದಲ್ಲಿ ಬರುವ ಹೊರರಾಜ್ಯದ ವಿದ್ಯಾರ್ಥಿಗೆ ನಂಜನಗೂಡಿನ ತಾಯಿ ಹೇಳುವ ‘ಗೂರಲು’ ಉಬ್ಬಸವೆಂದೂ, ‘ಬಾಲಗ್ರಹ’ ಮಗುವಿನ ಸೆಳವಿರಬಹುದೆಂದೂ ಯಾವ ಆಕರ ಗ್ರಂಥವೂ ಹೇಳಿಕೊಡದು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಇಲ್ಲಿ ನೆರವಿಗೆ ಬರುತ್ತದೆ. ಚಿಕಿತ್ಸೆಗಾಗಿ ಅಲ್ಲ, ಲೇಖಕಿ ತೀರಿಕೊಂಡದ್ದೇ 1991ರಲ್ಲಿ. ತಾಯಂದಿರೊಡನೆ ಮಾತಾಡಲು ಬೇಕಾದ ತಿಳಿಗನ್ನಡಕ್ಕಾಗಿ. ಕನ್ನಡ ಓದಲು ಬಾರದವರು ವಾರ್ಡಿನ ಶುಶ್ರೂಷಕಿಯರನ್ನು ಕೇಳಿ ಇಂಥ ನಲವತ್ತು ಐವತ್ತು ಪದಗಳನ್ನು ತಮ್ಮ ಲಿಪಿಯಲ್ಲೇ ಬರೆದಿಟ್ಟುಕೊಂಡರೆ ಹೊರರೋಗಿ ವಿಭಾಗದ ಮೊದಲ ತಿಂಗಳು ಸುಗಮವಾಗುತ್ತದೆ.