ಸೇನಾ ಸಿಮ್ಯುಲೇಶನ್‌ಗೆ ಜಾಲ ಹೆಣೆದ ಬಗೆ

ಅಣುದಾಳಿ ನಡೆದ ಮೇಲೂ ಅಳಿದುಳಿದ ಠಾಣೆಗಳು ಪರಸ್ಪರ ಸಂಪರ್ಕದಲ್ಲಿರಬಲ್ಲವೇ? ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬ್ಯಾರನ್ ಈ ಪ್ರಶ್ನೆಗೆ ಉತ್ತರ ಹುಡುಕಲು ಕಂಪ್ಯೂಟರಿನಲ್ಲೇ ಜಾಲ ಹೆಣೆದು, ಅದರ ಠಾಣೆಗಳನ್ನೂ ಕೊಂಡಿಗಳನ್ನೂ ಕೆಡವಿ ನೋಡಿದರು. ಕೊಂಡಿಗಳ ಸಂಖ್ಯೆ ಠಾಣೆಗಳ ಸಂಖ್ಯೆಯ ಸುಮಾರು ಮೂರರಷ್ಟಿದ್ದರೆ ಸಾಕು, ಭಾರಿ ದಾಳಿಯನ್ನೂ ಜಾಲ ತಾಳಿಕೊಳ್ಳುತ್ತದೆ ಎಂಬುದು 1964ರಲ್ಲಿ ಪ್ರಕಟವಾದ ಅವರ ವರದಿಗಳ ಮುಖ್ಯ ತೀರ್ಮಾನಗಳಲ್ಲೊಂದು. ಸೇನಾ ಜಾಲಗಳ ಸಿಮ್ಯುಲೇಶನ್ನಿನ ಮೂಲಗಳಲ್ಲೊಂದು ಇಲ್ಲಿದೆ. ಬ್ಯಾರನ್ ಬಳಸಿದ್ದು ಚೌಕುಳಿಯಂತೆ ಅಚ್ಚುಕಟ್ಟಾದ ಜಾಲ. ನಿಜವಾದ ಜಾಲಗಳು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಅಂಥ ಜಾಲಗಳನ್ನು ಹೆಣೆಯಲು 1988ರಲ್ಲಿ ಬರ್ನಾರ್ಡ್ ವ್ಯಾಕ್ಸ್‌ಮನ್ ಒಂದು ಸರಳ ಸೂತ್ರ ಕೊಟ್ಟರು: ನೋಡ್‌ಗಳನ್ನು, ಅಂದರೆ ಜಾಲದ ಠಾಣೆಗಳನ್ನು, ಸಮತಲದಲ್ಲಿ ಚೆಲ್ಲಿ, ಅಂತರ ಹೆಚ್ಚಿದಷ್ಟೂ ಕೊಂಡಿಯ ಸಾಧ್ಯತೆಯನ್ನು ಇಳಿಸುತ್ತ ಹೋಗುವುದು. ಪ್ರತಿ ಜೋಡಿಯನ್ನೂ ಪರೀಕ್ಷಿಸಬೇಕಾದ್ದರಿಂದ ಒಂದು ಲಕ್ಷ ನೋಡ್‌ಗಳಿಗೆ ಸುಮಾರು 500 ಕೋಟಿ ಲೆಕ್ಕ. ಶ್ರೇಣಿಯ ಸುಳಿವೇ ಇಲ್ಲದ್ದು ಇನ್ನೂ ದೊಡ್ಡ ಕೊರತೆ. ಅದನ್ನು 1996ರಲ್ಲಿ ಎಲೆನ್ ಜೆಗುರಾ ಮತ್ತು ಸಂಗಡಿಗರು ತುಂಬಿದರು. ಅವರ ಮಾದರಿಯಲ್ಲಿ ನಡುವೆ ಬೆನ್ನೆಲುಬಿನ ಜಾಲಗಳು, ಅವುಗಳಿಗೆ ತಗಲಿಕೊಂಡ ಅಂಚಿನ ಜಾಲಗಳು. ಬ್ರಿಗೇಡ್, ಬೆಟಾಲಿಯನ್, ಕಂಪನಿ ಎಂದು ಇಳಿಯುವ ಸೈನ್ಯಕ್ಕೆ ಈ ಅಚ್ಚು ಸಹಜವಾಗಿಯೇ ಒಪ್ಪುತ್ತದೆ.

1999ರಲ್ಲಿ ಮೂವರು ಫಲೌಟ್ಸೋಸ್ ಸಹೋದರರು ಇಂಟರ್ನೆಟ್ಟಿನ ಅಳತೆಗಳಲ್ಲಿ ಘಾತ ನಿಯಮವನ್ನು ಗುರುತಿಸಿದರು: ಬಹುಪಾಲು ನೋಡ್‌ಗಳಿಗೆ ಬೆರಳೆಣಿಕೆಯ ಕೊಂಡಿಗಳು, ಕೆಲವೇ ಕೆಲವಕ್ಕೆ ರಾಶಿ ರಾಶಿ. ಬ್ರೈಟ್, ಐನೆಟ್‌ನಂಥ ಜಾಲ ಹೆಣೆಯುವ ತಂತ್ರಾಂಶಗಳು ಈ ಹಂಚಿಕೆಯನ್ನು ಅನುಕರಿಸತೊಡಗಿದವು. ಇಂಥ ಜಾಲ ಆಕಸ್ಮಿಕ ಕೆಡುಕನ್ನು ತಡೆದೀತು, ಹೆಚ್ಚು ಕೊಂಡಿಗಳ ನೋಡ್‌ಗಳನ್ನೇ ಗುರಿಯಿಟ್ಟರೆ ಛಿದ್ರವಾದೀತು ಎಂದು 2000ದಲ್ಲಿ ಆಲ್ಬರ್ಟ್, ಜಿಯಾಂಗ್ ಮತ್ತು ಬರಬಾಶಿ ಬರೆದಾಗ ಅದು ಯುದ್ಧತಂತ್ರದ ಮಾತಿನಂತೆಯೇ ಕೇಳಿಸಿತು.

ಈ ಕ್ಷೇತ್ರದ ಅತಿ ಮುಖ್ಯ ತಿರುವು ಇದಾದ ನಂತರದ್ದು ಎಂದೇ ನನ್ನ ಎಣಿಕೆ. 2004ರಲ್ಲಿ ಲುನ್ ಲಿ, ಆಲ್ಡರ್‌ಸನ್, ವಿಲಿಂಜರ್, ಡಾಯ್ಲ್ ಅವರು ರೂಟರ್ ಎಂಬ ಯಂತ್ರದ ಮಿತಿಯನ್ನೇ ಹಿಡಿದು ಹೊರಟರು. ರೂಟರಿಗೆ ಕೆಲವೇ ವೇಗದ ಕೊಂಡಿಗಳಿರಬಹುದು, ಇಲ್ಲವೇ ಅನೇಕ ನಿಧಾನದವು. ಎರಡನ್ನೂ ಒಟ್ಟಿಗೆ ಅದು ಹೊರಲಾರದು. ಹಾಗಾಗಿ ಹೆಚ್ಚು ಕೊಂಡಿಗಳ ನೋಡ್‌ಗಳು ಜಾಲದ ಅಂಚಿಗೆ ಸರಿಯುತ್ತವೆ. ಕೊಂಡಿಗಳ ಹಂಚಿಕೆ ಒಂದೇ ಆಗಿದ್ದೂ ಎರಡು ಜಾಲಗಳ ನಡವಳಿಕೆ ಅಜಗಜಾಂತರವಾಗಬಹುದು ಎಂದು ಅವರು ತೋರಿಸಿಕೊಟ್ಟರು. ದೊಡ್ಡ ನೋಡ್‌ಗಳನ್ನೆಲ್ಲ ನಡುವೆ ಕೂರಿಸಿ ದಾಳಿಯ ಪರೀಕ್ಷೆ ನಡೆಸಿದರೆ, ಕುಸಿಯುವುದು ನಾವೇ ಕಲ್ಪಿಸಿಕೊಂಡ ಜಾಲ. ಅದನ್ನು ನಂಬಿ ಯೋಜನೆ ಹಾಕಿದರೆ ಬೆಲೆ ತೆರುವವರು ಯೋಧರು.

ಗಾತ್ರದ ಓಟವೂ ಜತೆಯಲ್ಲೇ ಸಾಗಿತ್ತು. 2003ರ ಹೊತ್ತಿಗೆ ಜಾರ್ಜಿಯಾ ಟೆಕ್‌ನ ಫುಜಿಮೊಟೊ ಮತ್ತು ರೈಲಿ ತಂಡ ಸೂಪರ್ ಕಂಪ್ಯೂಟರಿನ 1500ಕ್ಕೂ ಹೆಚ್ಚು ಪ್ರೊಸೆಸರ್‌ಗಳ ಮೇಲೆ ಪ್ಯಾಕೆಟ್ ಮಟ್ಟದ ಸಿಮ್ಯುಲೇಶನ್ ಓಡಿಸಿತು. ಆದರೆ ದೊಡ್ಡ ಜಾಲವನ್ನು ಪ್ರೊಸೆಸರ್‌ಗಳಿಗೆ ಹಂಚಲು ಹೋಳು ಮಾಡುವಾಗ ಎಲ್ಲಿ ಕತ್ತರಿಸಬೇಕು ಎಂಬುದರಲ್ಲೇ ಎಲ್ಲ ಇದೆ. ಭೂಸ್ಥಿರ ಉಪಗ್ರಹದ ಕೊಂಡಿಯಲ್ಲಿ ಸಂದೇಶ ತಲುಪಲು ಸುಮಾರು 250 ಮಿಲಿಸೆಕೆಂಡು ಬೇಕು. ಕತ್ತರಿ ಅಲ್ಲಿ ಬಿದ್ದರೆ ಎರಡೂ ಬದಿಯ ಪ್ರೊಸೆಸರ್‌ಗಳು ಒಂದನ್ನೊಂದು ಕಾಯದೆ ಸಿಮ್ಯುಲೇಶನ್ ಗಡಿಯಾರದಲ್ಲಿ ಅಷ್ಟು ದೂರ ಮುಂದೆ ಹೋಗಬಹುದು. ಮೂರು ಕಿಲೋಮೀಟರಿನ ರೇಡಿಯೊ ಕೊಂಡಿಯಲ್ಲಿ ಪ್ರಸರಣದ ವಿಳಂಬ ಹತ್ತು ಮೈಕ್ರೊಸೆಕೆಂಡು ಮಾತ್ರ. ಅಲ್ಲಿ ಕತ್ತರಿಸಿದರೆ ಹೆಜ್ಜೆಹೆಜ್ಜೆಗೂ ಕಾಯುವುದೇ ಕೆಲಸವಾಗುತ್ತದೆ.

ರಣಾಂಗಣದಲ್ಲಿ ನೋಡ್‌ಗಳು ನಿಂತಲ್ಲಿ ನಿಲ್ಲುವುದೂ ಇಲ್ಲ. ಮೊದಮೊದಲು ಪ್ರತಿ ನೋಡನ್ನೂ ಮನಬಂದ ಕಡೆ ಅಲೆಯಲು ಬಿಡುತ್ತಿದ್ದರು. ಸೈನಿಕರು ಹಾಗೆ ನಡೆಯುವುದಿಲ್ಲ. 1999ರಲ್ಲಿ ಮಾರಿಯೊ ಗೆರ್ಲಾ ಮತ್ತು ಸಂಗಡಿಗರ ಗುಂಪುಚಲನೆಯ ಮಾದರಿ ಬಂತು. ಅಮೆರಿಕದ ನೌಕಾ ಸಂಶೋಧನಾಲಯ ಮುಂದುವರಿಸಿಕೊಂಡು ಬಂದಿರುವ ಕೋರ್ ಮತ್ತು ಇಮೇನ್ ಸಾಧನಗಳು ನಿಜವಾದ ತಂತ್ರಾಂಶವನ್ನೇ ಕಲ್ಪಿತ ರೇಡಿಯೊಗಳ ಮೇಲೆ ಓಡಿಸುತ್ತವೆ. ಈ ಹಾದಿಯಲ್ಲಿ ನ್ಯಾಟೊ ಸಂಶೋಧಕರ ಆಂಗ್ಲೋವಾ ಸನ್ನಿವೇಶ ನನಗೆ ಬಹಳ ಹಿಡಿಸಿದ ಕೆಲಸ. ಬೆಟಾಲಿಯನ್ನೊಂದರ ವಾಹನಗಳ ಎರಡು ಗಂಟೆಗಳ ಚಲನೆ ಅದರಲ್ಲಿದೆ, ಭೂಮಿಯ ಉಬ್ಬುತಗ್ಗಿನಿಂದ ರೇಡಿಯೊ ಸಂಕೇತ ಎಷ್ಟು ಕುಗ್ಗುತ್ತದೆಂಬ ಲೆಕ್ಕವೂ ಇದೆ. ಕೊಂಡಿ ಯಾವಾಗ ಹುಟ್ಟಬೇಕು, ಯಾವಾಗ ಕಡಿಯಬೇಕು ಎಂಬುದನ್ನು ನೆಲವೇ ಹೇಳುತ್ತದೆ. ಇಷ್ಟೇ ನಿಷ್ಠೆಯಿಂದ ಹಲವು ಬ್ರಿಗೇಡುಗಳ ಜಾಲ ಹೆಣೆಯುವುದಕ್ಕೆ ಲಕ್ಷಾಂತರ ನೋಡ್‌ಗಳ ಯಾದೃಚ್ಛಿಕ ಜಾಲಕ್ಕಿಂತ ಹೆಚ್ಚಿನ ದುಡಿಮೆ ಬೇಕು, ಮತ್ತು ಮುಂದಿನ ಸಂಶೋಧನೆ ಸಲ್ಲಬೇಕಾದದ್ದು ಆ ದುಡಿಮೆಗೆ.