ಜಂಜಿಬಾರಿನ ತಾರಬ್ ಸಂಗೀತವೂ ‘ಆಚೆಯ ದಡ’ದ ಜನರೂ

ರಾಜಶಾಸನಗಳೂ ಅಧಿಕಾರಿಗಳ ವರದಿಗಳೂ ಹೇಳದೆ ಬಿಟ್ಟ ಸಂಗತಿಗಳನ್ನು ಜನರ ಹಾಡುಗಳು ಕಾಪಾಡಿಕೊಂಡು ಬರುವುದುಂಟು. ಪೂರ್ವ ಆಫ್ರಿಕೆಯ ಜಂಜಿಬಾರ್ ಪಟ್ಟಣವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪಟ್ಟಣವು ಓಮಾನ್ ಮೂಲದ ಸುಲ್ತಾನರ ರಾಜಧಾನಿಯಾಗಿ, ಲವಂಗ, ಆನೆದಂತ ಮತ್ತು ಗುಲಾಮರ ವ್ಯಾಪಾರದಿಂದ ಐಶ್ವರ್ಯವನ್ನು ಪಡೆದಿದ್ದಿತು. ಕಡಲ ಕಡೆಗೆ ಕಲ್ಲಿನ ಮಹಡಿಮನೆಗಳ ಪೇಟೆ. ಅಲ್ಲಿ ಅರಬ್ ಶ್ರೀಮಂತರೂ ಕಚ್ಛ, ಗುಜರಾತುಗಳಿಂದ ಹೋದ ವರ್ತಕರೂ ವಾಸವಾಗಿದ್ದರು. ನಡುವಣ ಹಿನ್ನೀರಿನಾಚೆ ಮಣ್ಣಿನ ಗುಡಿಸಲುಗಳ ಙಾಂಬೊ. ಸ್ವಾಹಿಲಿ ಭಾಷೆಯಲ್ಲಿ ಆ ಹೆಸರಿಗೆ ‘ಆಚೆಯ ದಡ’ ಎಂದೇ ಅರ್ಥ. 1873ರಲ್ಲಿ ಗುಲಾಮರ ಸಂತೆಯು ಮುಚ್ಚಿತು. 1897ರಲ್ಲಿ ಗುಲಾಮಗಿರಿಗೆ ಕಾನೂನಿನ ಆಧಾರವೂ ತಪ್ಪಿತು. ಆದರೆ ಹುಟ್ಟಿನ ಹೀನತೆಯೆಂಬ ಭಾವನೆಯು ಶಾಸನದೊಡನೆ ಅಳಿಯಲಿಲ್ಲ. ಬಿಡುಗಡೆ ಹೊಂದಿದವರಲ್ಲಿ ಅನೇಕರು ಙಾಂಬೊ ಸೇರಿದರು.

ತಾರಬ್ ಸಂಗೀತವು ಮೊದಲು ಅರಮನೆಯ ಸೊತ್ತಾಗಿದ್ದಿತು. 1870ರಿಂದ 1888ರ ವರೆಗೆ ಆಳಿದ ಸುಲ್ತಾನ್ ಬರ್ಘಾಶನು ವಾದ್ಯವಿದ್ಯೆಯನ್ನು ಕಲಿತುಬರಲು ಒಬ್ಬನನ್ನು ಕೈರೋ ಪಟ್ಟಣಕ್ಕೆ ಕಳುಹಿಸಿದನೆಂಬುದು ಪರಂಪರೆಯ ಹೇಳಿಕೆ. 1905ರಲ್ಲಿ ‘ಇಖ್ವಾನಿ ಸಫಾ’ ಎಂಬ ಗಾಯನಮಂಡಲಿಯು ಸ್ಥಾಪಿತವಾಯಿತು. ಹಾಡುಗಳ ಭಾಷೆ ಅರಬ್ಬಿ, ಕೇಳುವವರು ಕುಲೀನರು.

ಈ ಕಟ್ಟನ್ನು ಸಡಿಲಿಸಿದವಳು ಸಿತಿ ಬಿಂತಿ ಸಾದ್. ಆಕೆಯು ಸುಮಾರು 1880ರಲ್ಲಿ ಫುಂಬಾ ಎಂಬ ಹಳ್ಳಿಯಲ್ಲಿ ಗುಲಾಮಗಿರಿಯನ್ನನುಭವಿಸಿದ ಕುಲದಲ್ಲಿ ಹುಟ್ಟಿದಳು. ಮೊದಲ ಹೆಸರು ‘ಮ್ತುಮ್ವಾ’. ಅದರ ಅರ್ಥ ದಾಸಿ. ‘ಸಿತಿ’, ಎಂದರೆ ಒಡತಿ ಎಂಬುದು ಆಮೇಲೆ ದೊರೆತ ಹೆಸರು. ಮಡಕೆಗಳನ್ನು ಹೊತ್ತು ಮಾರುತ್ತಿದ್ದ ಆಕೆಯು 1911ರಲ್ಲಿ ಪಟ್ಟಣಕ್ಕೆ ಬಂದು ಸಂಗೀತವನ್ನು ಅಭ್ಯಾಸಮಾಡಿ, ತಾರಬ್ಬನ್ನು ಸ್ವಾಹಿಲಿಯಲ್ಲಿ ಹಾಡತೊಡಗಿದಳು. 1928ರಲ್ಲಿ ಆಕೆಯೂ ಸಂಗಡಿಗರೂ ಮುಂಬಯಿಗೆ ಬಂದು ಗ್ರಾಮಫೋನು ತಟ್ಟೆಗಳಿಗೆ ಹಾಡಿದರು. ಹಿಂದೂಮಹಾಸಾಗರದ ವರ್ತಕಮಾರ್ಗವೇ ಹೀಗೆ ಬಡವರ ನುಡಿಗೂ ಮಾರ್ಗವಾಯಿತು.

ಹಾಡುಗಳ ವಿಷಯವೂ ವಿಚಾರಾರ್ಹವಾಗಿದೆ. ಪ್ರೇಮದೊಡನೆ ನ್ಯಾಯಸ್ಥಾನದ ಪಕ್ಷಪಾತ, ಧನಿಕರ ವಂಚನೆ, ಹೆಂಗಸರ ಮೇಲಿನ ಹಿಂಸೆ ಇವೂ ಅವುಗಳಲ್ಲಿ ಬರುತ್ತವೆ. ‘ಕಿಜಿಟಿ’ ಎಂಬ ಪ್ರಸಿದ್ಧ ಹಾಡಿನ ವಸ್ತುವು ಒಬ್ಬ ಹೆಂಗಸಿನ ಕೊಲೆ. ಕೊಂದವನು ದ್ವೀಪದಿಂದ ಪಾರಾದನು, ಸಾಕ್ಷಿಗೆ ಬಂದ ಹೆಂಗಸರು ದೋಷಿಗಳೆನಿಸಿದರು. ಮುಂಬಯಿಯ ಮುದ್ರಣ ನಡೆದ 1928ನೆಯ ವರ್ಷದಲ್ಲಿಯೇ ಙಾಂಬೊ ನಿವಾಸಿಗಳು ಗುಡಿಸಲುಗಳ ನೆಲಬಾಡಿಗೆಯನ್ನು ಕೊಡಲೊಲ್ಲದೆ ಮುಷ್ಕರ ಹೂಡಿದರು. ಹಾಡೇ ಮುಷ್ಕರಕ್ಕೆ ಕಾರಣವೆಂದು ಹೇಳುವುದು ಅತಿಯಾದೀತು. ಆದರೂ ಎರಡೂ ಒಂದೇ ಅಸಮಾಧಾನದಿಂದ ಹುಟ್ಟಿದವೆಂದು ಊಹಿಸುವುದು ಅಯುಕ್ತವಲ್ಲ.

ಆದರೆ ಆಕೆಯನ್ನು ಬಂಡಾಯಗಾರ್ತಿಯೆಂದು ಮಾತ್ರ ಎಣಿಸಲಾಗದು. ಸುಲ್ತಾನನ ಅರಮನೆಯಲ್ಲಿಯೂ ಶ್ರೀಮಂತರ ಮನೆಗಳಲ್ಲಿಯೂ ಆಕೆಯು ಹಾಡಿದಳು. ಕಲೆಗೆ ತೆರೆದ ಬಾಗಿಲು ಕುಲಕ್ಕೆ ತೆರೆದಿರಲಿಲ್ಲ. ಆಕೆಯ ಕೀರ್ತಿಯಿಂದ ನೆರೆಹೊರೆಯವರ ಬಾಡಿಗೆಯೇನೂ ಇಳಿಯಲಿಲ್ಲ.

ಸಿತಿಯು 1950ರಲ್ಲಿ ತೀರಿಕೊಂಡಳು. ಕವಿ ಶಾಬಾನ್ ರಾಬರ್ಟನು ಆಕೆಯ ಚರಿತ್ರೆಯನ್ನು ಸ್ವಾಹಿಲಿಯಲ್ಲಿ ಬರೆದನು. ನ್ಯಾಯಾಲಯದ ಕಡತದಲ್ಲಿ ಅಪರಾಧಿಗಳಾಗಿ ಉಳಿದ ಹೆಂಗಸರು ಹಾಡಿನಲ್ಲಿ ಅನ್ಯಾಯಕ್ಕೊಳಗಾದವರಾಗಿ ಉಳಿದಿದ್ದಾರೆ. ಈ ಪಟ್ಟಣದ ಇತಿಹಾಸವನ್ನು ಬರೆಯುವವರು ಎರಡು ಸಾಕ್ಷ್ಯಗಳನ್ನೂ ಎದುರುಬದುರಾಗಿ ಇಟ್ಟು ನೋಡುವುದು ಅವಶ್ಯವು.